ಇನ್ನೂರ ಹದಿನಾಲ್ಕನೇ ಕೋಣೆಯ ಟವೆಲ್

ಸಿಂಧೂರ ನಮ್ಮ ಮನೆಗೆ ಬಂದದ್ದು ತನ್ನನ್ನು ಕಾಪಾಡಿ ಎಂದು ಕೇಳುವುದಕ್ಕಲ್ಲ. ತನ್ನಿಂದ ಒಬ್ಬ ಹೆಂಗಸು ಸತ್ತಳು ಎಂದು ಒಪ್ಪಿಕೊಂಡು ಬರೆದ ಕಾಗದವನ್ನು ಇಟಾಲಿಯನ್ ಭಾಷೆಗೆ ಮಾಡಿಸಿಕೊಂಡು ಹೋಗುವುದಕ್ಕೆ.

ನವೆಂಬರ್ ತಿಂಗಳ ಗುರುವಾರ, ಮಧ್ಯಾಹ್ನ ಮೂರೂವರೆ. ಸ್ವೀಡನ್ನಿನ ಲುಂಡ್‌ನಲ್ಲಿ ಆ ಹೊತ್ತಿಗೇ ದೀಪ ಹಾಕಬೇಕು. ಹತ್ತು ದಿನದಿಂದ ಆಕಾಶ ಒದ್ದೆ ಗೋಣಿಚೀಲದ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು. ಸೈಕಲ್ ನಿಲ್ಲಿಸಿ ಒಳಗೆ ಬಂದ ಹುಡುಗಿಯ ಮುಖ ನೋಡಿ ನಾನು ಬಾಗಿಲು ಹಾಕುವುದನ್ನೇ ಮರೆತೆ. ಗಣೇಶನ ಹಬ್ಬದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಎರಡೇ ತಿಂಗಳಲ್ಲಿ ಅರ್ಧವಾಗಿದ್ದಳು.

ನಾನು ರಮಾನಂದ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ರಕ್ತ ಪರೀಕ್ಷೆ ಮಾಡಿ ನಿವೃತ್ತನಾದವನು. ನಳಿನಿ ನನ್ನ ಹೆಂಡತಿ; ಗ್ರಂಥಾಲಯವೊಂದರಲ್ಲಿ ಹಳೆಯ ನಕಾಶೆಗಳನ್ನು ನೋಡಿಕೊಳ್ಳುತ್ತಾಳೆ, ಅವುಗಳ ಸಲುವಾಗಿಯೇ ಇಟಾಲಿಯನ್ ಕಲಿತವಳು. ಊರಿನ ಕನ್ನಡದವರಿಗೆ ಏನೇ ಕಳೆದುಹೋಗಲಿ, ಯಾರ ಮೇಲೇ ಅನುಮಾನ ಬರಲಿ, ಪೊಲೀಸರಿಗಿಂತ ಮೊದಲು ನಮ್ಮ ಮನೆಯ ಬೆಲ್ ಒತ್ತುತ್ತಾರೆ. ನಳಿನಿ ಪತ್ತೆ ಹಚ್ಚುತ್ತಾಳೆ. ನಾನು ಕಾಫಿ ಮಾಡುತ್ತೇನೆ, ತಪ್ಪು ಊಹೆ ಮಾಡುತ್ತೇನೆ. ಎರಡರಲ್ಲೂ ನನಗೆ ಒಳ್ಳೆಯ ಅನುಭವವಿದೆ.

"ಆಂಟಿ, ಇದನ್ನ ಇಟಾಲಿಯನ್‌ಗೆ ಮಾಡಿಕೊಡ್ತೀರಾ? ತೀರಿಹೋದವರ ಮಗಳಿಗೆ ಕಳಿಸಬೇಕು" ಎಂದು ಸಿಂಧೂರ ಒಂದು ಹಾಳೆ ಮುಂದಿಟ್ಟಳು. "ಸೋಮವಾರ ಲಾಯರ್‌ಗೆ ತಪ್ಪೊಪ್ಪಿಗೆಗೆ ಸೈನ್ ಮಾಡಿ ಕಳಿಸ್ತಿದೀನಿ. ಅದರ ಜೊತೆ ಇದೂ ಹೋಗಲಿ."

ನಡೆದದ್ದು ಇಷ್ಟು. ಅಕ್ಟೋಬರ್ ಮೊದಲ ವಾರ ಲುಂಡ್‌ನಿಂದ ನಾಲ್ಕು ಜನ ಕನ್ನಡದವರು ಇಟಲಿಯ ಬೊಲೊನ್ಯಾ ನಗರಕ್ಕೆ ಸಮ್ಮೇಳನವೊಂದಕ್ಕೆ ಹೋಗಿದ್ದರು. ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದ ಸಿಂಧೂರ. ಅವಳದೇ ಲ್ಯಾಬಿನ ನಿಖಿಲ್. ಇಲ್ಲೇ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ ಹುಟ್ಟಿ ಬೆಳೆದ ವರ್ಷಾ. ಮತ್ತು ಇವರೆಲ್ಲರಿಗೂ ಅಕ್ಕನಂತಿದ್ದ ಸಂಶೋಧಕಿ ನೀರಜಾ. ಊರಿನ ನಟ್ಟನಡುವೆ, ದೊಡ್ಡ ಚೌಕದ ಹಿಂದಿನ ಓಣಿಯಲ್ಲಿದ್ದ ಹಳೆಯ ಹೋಟೆಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಬುಧವಾರ ಸಂಜೆ ನಾಲ್ಕೂವರೆಗೆ ಸಿಂಧೂರಳ ಇನ್ನೂರ ಹದಿನಾಲ್ಕನೇ ಕೋಣೆಯಲ್ಲಿ ರೈಸ್ ಕುಕ್ಕರಿನಿಂದ ಬೆಂಕಿ ಹತ್ತಿತು. ಕೋಣೆ ಗುಡಿಸುವ ಅಸ್ಸುಂತಾ ಎಂಬ ಅರವತ್ತೊಂದು ವರ್ಷದ ಹೆಂಗಸು ಒಳಗೆ ನುಗ್ಗಿ, ಹೊಗೆ ಕುಡಿದು ಬಿದ್ದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು.

"ಆವತ್ತು ಬೆಳಗ್ಗೆ ನಂಗೆ ವಾಂತಿ. ಅಸ್ಸುಂತಾನೇ ನಿಂಬೆಹಣ್ಣಿನ ನೀರು ತಂದುಕೊಟ್ಟು, ತಲೆ ಸವರಿ ಹೋದ್ರು. ಮಧ್ಯಾಹ್ನ ಕುಕ್ಕರ್‌ನಲ್ಲಿ ಒಂದು ಹಿಡಿ ಗಂಜಿ ಮಾಡಿಕೊಂಡೆ. ಒಂದು ಗಂಟೆಗೆ ಪೋಸ್ಟರ್ ತಗೊಂಡು ಹೊರಟೆ. ಅದಕ್ಕೆ ಆಫ್ ಬಟನ್ ಇಲ್ಲ ಆಂಟಿ, ಪ್ಲಗ್ಗೇ ಕೀಳಬೇಕು. ಕಿತ್ತೆನೋ ಇಲ್ವೋ... ಆರು ವಾರದಿಂದ ಅದನ್ನೇ ಯೋಚಿಸ್ತಿದೀನಿ. ನೆನಪಾಗ್ತಾನೇ ಇಲ್ಲ." ಅವಳು ಹಾಳೆಯ ಅಂಚನ್ನು ಉಗುರಲ್ಲಿ ತಿಕ್ಕಿದಳು. "ಬಾಗಿಲಲ್ಲಿ 'ತೊಂದರೆ ಕೊಡಬೇಡಿ' ಬೋರ್ಡು ಇತ್ತಂತೆ, ಹಾಕಿದ್ದೂ ನೆನಪಿಲ್ಲ. ಅದನ್ನ ನೋಡಿ, ನಾನು ಹುಷಾರಿಲ್ಲದೆ ಒಳಗೆ ಮಲಗಿದೀನಿ ಅಂದ್ಕೊಂಡು ನನ್ನನ್ನ ಎತ್ತಿಕೊಂಡು ಬರೋಕೆ ಹೋದ್ರು. ನಾನು ಒಳಗೆ ಇರಲೇ ಇಲ್ಲ."

ನಳಿನಿ ಕಾಗದವನ್ನು ಓದಿ ಮಡಚಿಟ್ಟಳು.

"ಪೊಲೀಸ್ ಫೈಲು ಓದಿದೀಯಾ?"

"ಎಂಬತ್ತು ಪುಟ ಇಟಾಲಿಯನ್. ಲಾಯರ್ ನಾಲ್ಕು ಲೈನ್‌ನಲ್ಲಿ ಹೇಳಿದ್ರು. ಮೊಬೈಲ್‌ನಲ್ಲಿ ಟ್ರಾನ್ಸ್‌ಲೇಟ್ ಮಾಡಬಹುದಿತ್ತು. ಓಪನ್ ಮಾಡೋಕೆ ಧೈರ್ಯ ಬರ್ಲಿಲ್ಲ."

"ನಂಗೆ ಕಳಿಸು. ಯಾರಿಗೆ ಏನಾಯ್ತು ಅಂತ ಸರಿಯಾಗಿ ತಿಳ್ಕೊಳ್ದೆ ನಾನು ಕಾಗದ ಮಾಡೋದಿಲ್ಲ" ಎಂದಳು ನಳಿನಿ.

ಅವಳು ಊಟದ ಮೇಜಿನ ಮೇಲೆ ಫೈಲು ತೆರೆದು ಕುಳಿತಳು. ನಾನು ಎರಡು ಸಲ ಕಾಫಿ ಮಾಡಿದೆ, ಎರಡು ಸಲವೂ ಅದು ಆರಿಹೋಯಿತು. ಮೂವತ್ತನೇ ಪುಟದ ಸುಮಾರಿಗೆ ಅವಳು ಕನ್ನಡಕ ತೆಗೆದು ಸೋಫಾದಲ್ಲಿ ಮುದುಡಿದ್ದ ಹುಡುಗಿಯನ್ನು ನೋಡಿದಳು.

"ಸಿಂಧೂರ, ಕುಕ್ಕರ್‌ಗೆ ಟವೆಲ್ ಯಾಕೆ ಸುತ್ತಿದ್ದೆ?"

"ಯಾವ ಟವೆಲ್?"

"ಹೋಟೆಲಿನ ದೊಡ್ಡ ಸ್ನಾನದ ಟವೆಲ್. ಕುಕ್ಕರ್ ಸುತ್ತ ಎರಡು ಸುತ್ತು, ಬಿಗಿಯಾಗಿ. ಅಡುಗೆ ಮಾಡೋದು ಗೊತ್ತಾಗದಿರಲಿ ಅಂತ ನೀನೇ ಮುಚ್ಚಿಟ್ಟಿದ್ದೆ ಅಂತ ಇವರು ಬರ್ಕೊಂಡಿದಾರೆ."

"ನಾನು ಟವೆಲ್ ಮುಟ್ಟಲೇ ಇಲ್ಲ ಆಂಟಿ."

ನಳಿನಿ ಎದ್ದು ನಿಂತಳು. "ಆವತ್ತು ತಗೊಂಡು ಹೋಗಿದ್ದ ಬ್ಯಾಗು ಎಲ್ಲಿದೆ?"

ಬ್ಯಾಗು ಅವಳ ರೂಮಿನ ಮಂಚದ ಕೆಳಗಿತ್ತು. ಬಂದ ದಿನ ತಳ್ಳಿದ್ದನ್ನು ಅವಳು ಮತ್ತೆ ಮುಟ್ಟಿರಲಿಲ್ಲ. ನಾನೇ ಹೋಗಿ ತಂದೆ. ನಳಿನಿ ಅದನ್ನು ಚಾಪೆಯ ಮೇಲೆ ಸುರಿದಳು: ಮುದುಡಿದ ಪೋಸ್ಟರ್, ಸಮ್ಮೇಳನದ ಕೊರಳಪಟ್ಟಿ, ಅರ್ಧ ಬಿಸ್ಕತ್ ಪೊಟ್ಟಣ, ಮತ್ತು ಪಕ್ಕದ ಜೇಬಿನಿಂದ ಕಪ್ಪು ಬಣ್ಣದ ಪುಟ್ಟ ಅಡಾಪ್ಟರ್.

"ಇದು ನಿಂದಾ? ಎಷ್ಟಿತ್ತು ನಿನ್ನ ಹತ್ರ?"

"ಇದೊಂದೇ. ಸುಟ್ಟುಹೋಯ್ತು ಅಂದ್ಕೊಂಡಿದ್ದೆ" ಎಂದ ಸಿಂಧೂರ ಅಲ್ಲಿಗೇ ನಿಲ್ಲಿಸಿದಳು.

ಇಟಲಿಯ ಗೋಡೆಯಲ್ಲಿ ಸಾಲಾಗಿ ಮೂರು ಸಣ್ಣ ತೂತು. ಫೋನ್ ಚಾರ್ಜರಿನ ತೆಳು ಕಡ್ಡಿ ಅದಕ್ಕೆ ಹೋಗುತ್ತದೆ; ಸ್ವೀಡನ್ನಿನ ಕುಕ್ಕರಿನ ದಪ್ಪ ಪ್ಲಗ್ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಆ ಅಡಾಪ್ಟರ್ ಇವಳ ಜೇಬಿಗೆ ಬರಬೇಕಾದರೆ ಇವಳೇ ಅದನ್ನು ಗೋಡೆಯಿಂದ ಕಿತ್ತಿರಬೇಕು. ಅಡಾಪ್ಟರ್ ಇಲ್ಲದೆ ಆ ಕುಕ್ಕರಿಗೆ ಕರೆಂಟಿಲ್ಲ. ಸಿಂಧೂರ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಕಿತ್ತಿದ್ದೆ. ಕಿತ್ತಿದ್ದೆ ಅಂಕಲ್" ಎಂದು ಅತ್ತಳು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ.

ಆದರೆ ನಳಿನಿಯ ಮುಖ ಅರಳಲಿಲ್ಲ. ಸಿಂಧೂರ ಆ ರಾತ್ರಿ ನಮ್ಮಲ್ಲೇ ಉಳಿದಳು. ಅವಳು ಮಲಗಿದ ಮೇಲೆ ನಳಿನಿ ನನಗೆ ಫೈಲಿನ ಫೋಟೋ ತೋರಿಸಿದಳು. ಕಪ್ಪಾದ ಗೋಡೆಯಲ್ಲಿ ಕುಕ್ಕರಿನ ಪ್ಲಗ್ ಇನ್ನೂ ಸಿಕ್ಕಿಕೊಂಡಿತ್ತು. ನಡುವೆ ಅರ್ಧ ಕರಗಿದ ಬಿಳಿ ಅಡಾಪ್ಟರ್, ಅದರ ಮೂಲೆಯಲ್ಲಿ ಸಣ್ಣದೊಂದು ಕೆಂಪು ಗುರುತು.

"ಇಷ್ಟೇ ಸಾಕಲ್ವೇನೆ? ಇದು ಅವಳದಲ್ಲ."

"'ಹುಡುಗಿ ಎರಡು ಅಡಾಪ್ಟರ್ ತಂದಿದ್ದಳು' ಅಂದ್ರೆ ಮುಗೀತು. ಹೋಟೆಲಿನವರಂತೂ ಎಲ್ಲ ಸಾಮಾನೂ ಅವಳದೇ ಅಂತ ಬರ್ಕೊಟ್ಟಿದಾರೆ. ಯಾರು ಅನ್ನೋದು ಗೊತ್ತಾಗ್ಬೇಕು ರೀ. ಇನ್ನೂ ಎರಡು ವಿಷಯ ಇದೆ. ಊಟದ ಹೊತ್ತಾದ ಮೇಲೆ 'ಭಾರತೀಯ ಹೆಂಗಸು' ಬಂದು ಇನ್ನೂರ ಹದಿನಾಲ್ಕರ ಕೀ ತಗೊಂಡು, ಇಪ್ಪತ್ತು ನಿಮಿಷಕ್ಕೆ ವಾಪಸ್ ಕೊಟ್ಟಳು ಅಂತ ಕೌಂಟರಿನವನ ಹೇಳಿಕೆ. ಅದು ಸಿಂಧೂರನೇ ಅಂತ ಪೊಲೀಸರ ಲೆಕ್ಕ. ಮತ್ತೆ ಕುಕ್ಕರಿನ ತಳದಲ್ಲಿ ಸೀದುಹೋದ ಹಾಲು, ಅದರಲ್ಲಿ ಐದಾರು ಸಣ್ಣ ಒಣ ಕಡ್ಡಿ. ಯಾವ ಗಿಡದ್ದೋ ಗೊತ್ತಿಲ್ಲ ಅಂತ ಬರ್ದಿದಾರೆ."

ನನ್ನ ತಲೆ ಚುರುಕಾಯಿತು. "ಟೀ! ಹಾಲು, ಮೇಲೆ ಶುಂಠಿ ನಾರೋ ನಿಂಬೆಹುಲ್ಲೋ. ಟೀ ಇಲ್ಲದೆ ಬದುಕದವನು ನಿಖಿಲ್. ಆ ಲ್ಯಾಬಿನಲ್ಲಿ ಮುಂದಿನ ವರ್ಷ ಇರೋದೇ ಒಂದು ಕೆಲಸ, ಇಬ್ಬರೂ ಅರ್ಜಿ ಹಾಕಿದಾರೆ. ಇವಳು ರೂಮಲ್ಲಿ ಅಡುಗೆ ಮಾಡ್ತಾಳೆ ಅಂತ ಪೊಲೀಸರಿಗೆ ಮೊದಲು ಹೇಳಿದ್ದೂ ಅವನೇ!"

"ಕೀ ತಗೊಂಡಿದ್ದು ಹೆಂಗಸು."

"ಯಾರನ್ನೋ ಕಳಿಸಿರ್ತಾನೆ."

"ಮಲಗಿ" ಎಂದಳು ನಳಿನಿ.

ಶುಕ್ರವಾರ ಅವಳು ರಜೆ ಹಾಕಿದಳು. ಆ ಹೋಟೆಲಿನಲ್ಲಿ ತಂಗಿದವರು ಅಂತರ್ಜಾಲದಲ್ಲಿ ಬರೆದ ಅನುಭವಗಳನ್ನು ಒಂದೊಂದಾಗಿ ಓದತೊಡಗಿದಳು. ನಾನೂರ ಚಿಲ್ಲರೆ ಇದ್ದವು. "ನಾವು ಹೋಗಲಾಗದ ಮನೆಯ ಒಳಗನ್ನ ಬಂದುಹೋದವರ ಬಾಯಿಂದ ಕೇಳ್ಬೇಕು" ಎಂದಳು. ಸಿಂಧೂರ ಮೂಲೆಯಲ್ಲಿ ಕಂಬಳಿ ಹೊದ್ದು ಕೇಳುತ್ತಿದ್ದಳು.

"ಚೌಕಕ್ಕೆ ನಾಲ್ಕು ನಿಮಿಷ ನಡಿಗೆ, ಇಗರ್ಜಿಯ ಗಂಟೆಗೆ ಕಿವಿಗೆ ಹತ್ತಿ ತನ್ನಿ" ಎಂದು ಜರ್ಮನಿಯ ದಂಪತಿ. "ಲಿಫ್ಟಿನಲ್ಲಿ ನಾನು ಹೋಗಬಹುದು ಇಲ್ಲವೇ ನನ್ನ ಪೆಟ್ಟಿಗೆ ಹೋಗಬಹುದು, ಇಬ್ಬರೂ ಒಟ್ಟಿಗೆ ಅಲ್ಲ" ಎಂದು ದುಬೈಯಿಂದ ಹೋದ ಮಲಯಾಳಿಯೊಬ್ಬ. "ಕೀಗೆ ಕಟ್ಟಿದ ಹಿತ್ತಾಳೆ ಗುಂಡು ಅರ್ಧ ಕಿಲೋ ಇದೆ. ಹೊರಗೆ ಹೋಗುವಾಗ ಕೌಂಟರಿಗೆ ಕೊಡಬೇಕು. ಬಂದು ನಂಬರ್ ಹೇಳಿದರೆ ಸಾಕು, ಯಾರೆಂದು ಕೇಳದೆ ಕೊಡುತ್ತಾರೆ" ಎಂದು ಪೋಲೆಂಡಿನ ಹೆಂಗಸು. "ನಾನು ನಾರ್ವೆಯ ಉತ್ತರ ತುದಿಯವಳು. ಚಳಿಗೆ ನಡುಗಿದ್ದು ಇಟಲಿಯಲ್ಲಿ. ಅಕ್ಟೋಬರ್ ಹದಿನೈದರವರೆಗೆ ಹೀಟರ್ ಹಾಕುವುದಿಲ್ಲವಂತೆ, ನಿಯಮವಂತೆ" ಎಂದು ಇನ್ನೊಬ್ಬಳು. ಫಿನ್ಲೆಂಡಿನವನೊಬ್ಬ ಬರೆದಿದ್ದ: "ನಮ್ಮ ದಪ್ಪ ಪ್ಲಗ್ ಅಲ್ಲಿ ಹಿಡಿಸುವುದಿಲ್ಲ. ಕೇಳಿದರೆ ಹೋಟೆಲಿನವರೇ ಬಿಳಿ ಅಡಾಪ್ಟರ್ ಕೊಡುತ್ತಾರೆ. ಯಾರೂ ಒಯ್ಯದಿರಲೆಂದು ಕೆಂಪು ನೇಲ್ ಪಾಲಿಶ್‌ನಲ್ಲಿ ಅದರ ಮೇಲೆ ಕೋಣೆಯ ನಂಬರ್ ಬರೆದಿರುತ್ತಾರೆ."

ನಳಿನಿ ಅದನ್ನು ಎರಡು ಸಲ ಓದಿದಳು. ಆಮೇಲೆ ಬೊಲೊನ್ಯಾದ ಲಾಯರಿಗೆ ಫೋನ್ ಮಾಡಿ, ಆ ಫೋಟೋವನ್ನು ಎಷ್ಟು ದೊಡ್ಡದು ಮಾಡಲು ಸಾಧ್ಯವೋ ಅಷ್ಟು ದೊಡ್ಡದು ಮಾಡಿಸಿ ಕಳಿಸಿ ಎಂದಳು.

ಮೂವತ್ತೊಂದು ಜನ ಅಸ್ಸುಂತಾಳ ಹೆಸರು ಬರೆದಿದ್ದರು. ಮಗುವಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಒಬ್ಬಂಟಿ ಮುದುಕನಿಗೆ ದಿನಾ ಎರಡು ದಿಂಬು ಹೆಚ್ಚಿಗೆ ಇಟ್ಟವಳು. "ಹೋಟೆಲಿಗೆ ಮೂರು ನಕ್ಷತ್ರ, ಅಸ್ಸುಂತಾಗೆ ಐದು" ಎಂದಿತ್ತು ಒಂದರಲ್ಲಿ. ಸಿಂಧೂರ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಅವತ್ತು ಮತ್ತೇನೂ ಓದಲಿಲ್ಲ.

ಶನಿವಾರ ಮಧ್ಯಾಹ್ನ ನೀರಜಾ ಬಂದಳು. ಬೆಂಕಿಯಾದ ದಿನದಿಂದ ಸಿಂಧೂರಳಿಗೆ ದಿನಾ ಊಟ ಒಯ್ಯುತ್ತಿದ್ದವಳು ಅವಳೇ. ನಲವತ್ತೊಂದು ವರ್ಷ, ಏಳು ವರ್ಷದ ಮಗಳು ಚಾರ್ವಿಯನ್ನು ಒಬ್ಬಳೇ ಸಾಕುತ್ತಿದ್ದಾಳೆ, ಆದರೂ ಊರಿನಲ್ಲಿ ಯಾರಿಗೆ ನೆಗಡಿಯಾದರೂ ಮೆಣಸಿನ ಸಾರು ಅವಳ ಮನೆಯಿಂದಲೇ ಹೋಗಬೇಕು. ಮಗಳನ್ನು ಟಿವಿ ಮುಂದೆ ಕೂರಿಸಿ ನಮ್ಮ ಅಡುಗೆಮನೆಗೆ ನುಗ್ಗಿ, "ನಳಿನಕ್ಕ, ನೀವು ಕೂತ್ಕೊಳ್ಳಿ, ಸಾರು ನಾನ್ ಮಾಡ್ತೀನಿ" ಎಂದಳು. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಪಾಪ, ಇವಳೂ ನಿದ್ದೆಗೆಟ್ಟಿದ್ದಾಳೆ ಎಂದುಕೊಂಡೆ.

ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದಳು. ತೊಟ್ಟುಗಳನ್ನು ಕಸದ ಡಬ್ಬಿಗೆ ಹಾಕದೆ, ಬೆರಳಲ್ಲೇ ಒಟ್ಟು ಮಾಡಿ ತಾನು ತಂದಿದ್ದ ಮಸಾಲೆ ಡಬ್ಬಿಯ ಒಂದು ಬಟ್ಟಲಿಗೆ ಸುರಿದುಕೊಂಡಳು. ಆ ಬಟ್ಟಲಲ್ಲಿ ಆಗಲೇ ಒಂದು ಹಿಡಿ ತೊಟ್ಟಿತ್ತು.

"ಅದನ್ನೇನಮ್ಮಾ ಮಾಡ್ತೀಯ? ನಮ್ಮನೇಲಿ ಕಸಕ್ಕೆ ಹಾಕ್ತೀವಿ" ಎಂದೆ.

"ಕೈ ಅಭ್ಯಾಸ ಭಾವ. ನಮ್ಮಜ್ಜಿ ಎಸೆಯೋಕೆ ಬಿಡ್ತಿರಲಿಲ್ಲ" ಎಂದು ಅವಳು ಡಬ್ಬಿ ಮುಚ್ಚಿದಳು.

ಬಾಗಿಲಲ್ಲಿ ನಿಂತಿದ್ದ ನಳಿನಿ ಕಾಫಿ ಲೋಟ ಕೆಳಗಿಟ್ಟಳು. ಊಟಕ್ಕೆ ಕೂತಾಗ ಅವಳು ತುತ್ತು ಕಲಸಿ ಕಲಸಿ ಹಾಗೇ ಬಿಟ್ಟಳು. "ಸಾರು ಚೆನ್ನಾಗಿಲ್ವಾ ಅಕ್ಕ?" ಎಂದು ನೀರಜಾ ಕೇಳಿದಾಗ "ತುಂಬಾ ಚೆನ್ನಾಗಿದೆ ಕಣೇ" ಎಂದಳು. ಹೊರಡುವಾಗ ನೀರಜಾಳ ಭುಜ ಹಿಡಿದು, "ನಾಳೆ ಹನ್ನೆರಡಕ್ಕೆ ಬಾ. ಚಾರ್ವಿನ ಯಾರ ಮನೇಲಾದ್ರೂ ಬಿಟ್ಟು ಬಾ" ಎಂದಳು.

ಭಾನುವಾರವೂ ಬೆಳಕು ಬರಲಿಲ್ಲ. ಹನ್ನೆರಡು ಗಂಟೆಗೇ ದೀಪ ಹಚ್ಚಿ ನಾವು ಆರು ಜನ ಮೇಜಿನ ಸುತ್ತ ಕೂತೆವು. ನಾನು ಏಲಕ್ಕಿ ಹಾಕಿದ ಸಿಹಿ ಬನ್ನು, ಇಲ್ಲಿನವರ ಬುಲ್ಲೆ, ತಂದು ಫೀಕಾಗೆಂದು, ಅಂದರೆ ಕಾಫಿಯ ಜೊತೆಗೆಂದು, ಇಟ್ಟಿದ್ದೆ, ಯಾರೂ ಮುಟ್ಟಲಿಲ್ಲ. ನಿಖಿಲ್ ಜಾಕೆಟ್ ಕೂಡ ಬಿಚ್ಚದೆ ಕುಳಿತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನನ್ನ ಕಣ್ಣಿಗೆ ಕಂಡ.

ನಳಿನಿ ಒಂದು ಮುಚ್ಚಿದ ಲಕೋಟೆಯನ್ನು ಮೇಜಿನ ನಡುವೆ ಇಟ್ಟಳು.

"ನಾಳೆ ಸಿಂಧೂರ ತಪ್ಪೊಪ್ಪಿಗೆಗೆ ಸೈನ್ ಹಾಕ್ಬೇಕು. ಹಾಕೋದಿಲ್ಲ. ಅವಳು ಪ್ಲಗ್ ಕಿತ್ತೇ ಹೋಗಿದ್ದು. ಅವಳ ಹತ್ರ ಇದ್ದ ಒಂದೇ ಅಡಾಪ್ಟರ್ ಅವಳ ಬ್ಯಾಗಲ್ಲಿ ಲುಂಡ್‌ಗೆ ವಾಪಸ್ ಬಂದಿದೆ. ಅವಳು ಹೋದ ಮೇಲೆ ಬೇರೆ ಯಾರೋ ಬಂದು ಆ ಕುಕ್ಕರ್‌ಗೆ ಕರೆಂಟ್ ಕೊಟ್ಟಿದಾರೆ."

"ನೀವೆಲ್ಲ ನನ್ನೇ ಅನ್ಕೊಂಡಿದೀರ" ಎಂದ ನಿಖಿಲ್. "ಪೊಲೀಸ್ ಕೇಳಿದ್ರು, ರೂಮಲ್ಲಿ ಅಡುಗೆ ಮಾಡ್ತಿದ್ರಾ ಅಂತ. ಹೌದು ಅಂದೆ. ಅಷ್ಟೇ ಆಂಟಿ. ಅದಕ್ಕೇ ಸಿಂಧೂರ ಮುಖ ನೋಡೋಕೂ ಆಗ್ತಿಲ್ಲ ನಂಗೆ."

"ನಿಮ್ಮ ಅಂಕಲ್ ಅಂದ್ಕೊಂಡಿದ್ರು, ನಾನಲ್ಲ. ಕೀ ತಗೊಂಡಿದ್ದು ಹೆಂಗಸು. ಆ ಹೋಟೆಲಲ್ಲಿ ನಂಬರ್ ಹೇಳಿದವರಿಗೆಲ್ಲ ಕೀ ಕೊಡ್ತಾರೆ, ಹೋಗಿಬಂದ ಅತಿಥಿಗಳೇ ಬರ್ದಿದಾರೆ. ಕೌಂಟರಿನವನಿಗೆ ನಮ್ಮ ಹೆಂಗಸರೆಲ್ಲ ಒಂದೇ ಥರ ಕಂಡಿರ್ತಾರೆ."

ನಾನು ನಿಖಿಲ್‌ನ ಕಡೆ ನೋಡದೆ ಬುಲ್ಲೆಯ ತಟ್ಟೆಯನ್ನು ಸುಮ್ಮನೆ ಆಚೀಚೆ ಸರಿಸಿದೆ.

"ಈಗ ಟವೆಲ್" ಎಂದಳು ನಳಿನಿ. "ಅನ್ನ ಮಾಡೋರು ಕುಕ್ಕರ್‌ಗೆ ಟವೆಲ್ ಸುತ್ತೋದಿಲ್ಲ. ಟೀ ಮಾಡೋರೂ ಸುತ್ತೋದಿಲ್ಲ ರೀ. ತಳದಲ್ಲಿದ್ದದ್ದು ಹಾಲು. ರೂಮಲ್ಲಿ ಹೀಟರ್ ಇಲ್ಲ, ಕೊರೆಯೋ ಚಳಿ. ಹಾಲನ್ನ ಬೆಚ್ಚಗೆ ಮಾಡಿ, ಪಾತ್ರೆಗೆ ಬಟ್ಟೆ ಸುತ್ತಿ, ಯಾರೂ ಅಲ್ಲಾಡಿಸದಿರಲಿ ಅಂತ ಇಡೋದು ಯಾವಾಗ?"

ಸರಿಯಾದ ಊಹೆ ಮಾಡುವ ಅಭ್ಯಾಸ ನನಗಿಲ್ಲವಾದರೂ ಆ ಉತ್ತರ ನನ್ನ ಬಾಯಿಂದಲೇ ಬಿತ್ತು. "ಮೊಸರಿಗೆ ಹೆಪ್ಪು ಹಾಕಿದಾಗ."

"ಹೌದು. ಆದ್ರೆ ಪರದೇಶದ ಹೋಟೆಲಲ್ಲಿ ಹೆಪ್ಪು ಎಲ್ಲಿಂದ ಬರ್ಬೇಕು? ಸೀದ ಹಾಲಲ್ಲಿ ಐದಾರು ಒಣ ಕಡ್ಡಿ ಸಿಕ್ಕಿದೆ. ಇಟಲಿಯ ಪೊಲೀಸರಿಗೆ ಅದು ಯಾವುದೋ ಗಿಡ. ಒಣಮೆಣಸಿನಕಾಯಿ ತೊಟ್ಟು ಅದು. ಹೆಪ್ಪಿಲ್ಲದಾಗ ಬೆಚ್ಚನೆ ಹಾಲಿಗೆ ತೊಟ್ಟು ಹಾಕಿದ್ರೆ ಬೆಳಗ್ಗೆಗೆ ಮೊಸರಾಗುತ್ತೆ. ನಮ್ಮ ಅಜ್ಜಿಯಂದಿರ ಕಾಲದ ಉಪಾಯ, ಈಗ ಎಷ್ಟು ಜನಕ್ಕೆ ಗೊತ್ತು? ವರ್ಷಾ, ನಿಂಗೆ ಗೊತ್ತಿತ್ತೇನಮ್ಮ?"

"Nej... ಇಲ್ಲ ಆಂಟಿ. ನಾನು ಮೊಸರು ಶಾಪಿಂದ ತರೋದು. ಚಿಲ್ಲಿ ಹಾಕಿದ್ರೆ ಆಗುತ್ತಾ?" ಎಂದಳು ವರ್ಷಾ, ನಿಜಕ್ಕೂ ಬೆರಗಾಗಿ.

ನನ್ನ ಕಣ್ಣ ಮುಂದೆ ಮಸಾಲೆ ಡಬ್ಬಿಯ ಆ ಬಟ್ಟಲು ಬಂದು ನಿಂತಿತು. ಅಯ್ಯೋ ದೇವರೇ, ಬೇಡ ಎಂದುಕೊಂಡೆ. ಆ ಮೇಜಿನ ಸುತ್ತ ಇದ್ದವರಲ್ಲಿ ಆಗಬಾರದಿದ್ದವಳು ಅವಳೊಬ್ಬಳೇ.

ನಳಿನಿ ಲಕೋಟೆಯನ್ನು ಎರಡು ಬೆರಳಲ್ಲಿ ಮುಂದಕ್ಕೆ ಸರಿಸಿದಳು. "ಸುಟ್ಟ ಅಡಾಪ್ಟರ್ ಹೋಟೆಲಿಂದೇ. ಅದರ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ, ಅದನ್ನ ಇಸ್ಕೊಂಡವರ ರೂಮ್ ನಂಬರ್ ಬರೆದಿರುತ್ತೆ. ದೊಡ್ಡದು ಮಾಡಿದ ಫೋಟೋ ಇದರಲ್ಲಿದೆ. ನಾನು ನೋಡಿದೀನಿ, ಇವರಿಗೂ ತೋರಿಸಿಲ್ಲ. ಇದನ್ನ ಬಿಚ್ಚೋಕೆ ಮುಂಚೆ ಆ ಮಾತು ಅವರ ಬಾಯಿಂದಲೇ ಬರಲಿ ಅಂತ ನನ್ನಾಸೆ. ಬಾಯಿಂದ ಬಂದ್ರೆ ಅವರಿಗೂ ಒಳ್ಳೇದು."

ನೀರಜಾ ಕೈ ಚಾಚಿದಳು. ಲಕೋಟೆಯನ್ನು ಎತ್ತಿಕೊಳ್ಳಲಿಲ್ಲ, ಅಂಗೈಯಿಂದ ಮುಚ್ಚಿದಳು.

"ಬಿಚ್ಚೋದು ಬೇಡ ನಳಿನಕ್ಕ. ನನ್ನ ರೂಮ್ ನಂಬರ್ ನಂಗೆ ಗೊತ್ತು."

ವರ್ಷಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಬೆಳಗ್ಗೆಯಿಂದ ಅವಳ ಹೊಟ್ಟೇಲಿ ಏನೂ ನಿಲ್ತಿರಲಿಲ್ಲ" ಎಂದು ನೀರಜಾ ಮೇಜನ್ನೇ ನೋಡುತ್ತ ಹೇಳಿದಳು. "ಮಾರನೇ ದಿನಕ್ಕೆ ಒಂದಿಷ್ಟು ಮೊಸರನ್ನ ಕಲಸಿಕೊಡೋಣ ಅಂತ. ಅಂಗಡಿ ಮೊಸರು ಅವಳಿಗೆ ಸೇರಲ್ಲ. ಮಧ್ಯಾಹ್ನ ಕೀ ಇಸ್ಕೊಂಡು ಹೋದೆ. ಅಡಾಪ್ಟರ್ ಇರಲಿಲ್ಲ, ನನ್ನ ರೂಮಿಂದು ತಂದೆ. ಹಾಲು ಬೆಚ್ಚಗಾದ ಮೇಲೆ ಕುಕ್ಕರಿನ ಸ್ವಿಚ್ ಕಡ್ಡಿ ಮೇಲೆತ್ತಿದೆ. ನಮ್ಮನೆ ಕುಕ್ಕರ್‌ಗೆ ಆಫ್ ಬಟನ್ ಇದೆ. ಇದಕ್ಕೂ ಮೇಲೆತ್ತಿದ್ರೆ ಆಫ್ ಅಂದ್ಕೊಂಡೆ. ತೊಟ್ಟು ಹಾಕಿ, ಟವೆಲ್ ಬಿಗಿಯಾಗಿ ಸುತ್ತಿದೆ. ಹಾಗೆ ಸುತ್ತುವಾಗ ಆ ಸ್ವಿಚ್ ಕಡ್ಡಿ ಮತ್ತೆ ಕೆಳಗೆ ಒತ್ತಿಕೊಂಡಿರ್ಬೇಕು. ಮೂರು ಗಂಟೆಗೆ ಸಮ್ಮೇಳನದಲ್ಲಿ ನನ್ನ ಟಾಕ್ ಇತ್ತು, ಓಡಿದೆ."

"ಬೋರ್ಡು?" ಎಂದಳು ನಳಿನಿ.

"ಗುಡಿಸೋಕೆ ಬಂದು ಯಾರಾದ್ರೂ ಕುಕ್ಕರ್ ನೋಡಿ ಇವಳಿಗೆ ಬೈದಾರು ಅಂತ... ನಾನೇ ಹಾಕಿದ್ದು."

"ಆಮೇಲೆ ಯಾಕಕ್ಕ ಹೇಳ್ಲಿಲ್ಲ?" ಎಂದ ನಿಖಿಲ್.

"ಮೊದಲ ದಿನ ಅಸ್ಸುಂತಾ ಹುಷಾರಾಗ್ತಾರೆ ಅಂದ್ರು. ಹುಷಾರಾದ ಮೇಲೆ ಹೇಳೋಣ ಅಂದ್ಕೊಂಡೆ. ಹನ್ನೊಂದನೇ ದಿನ ಫೋನ್ ಬಂತು. ಆವತ್ತು ಚಾರ್ವಿ ಪಕ್ಕದಲ್ಲಿ ಕೂತು ಬಣ್ಣ ಹಚ್ತಿದ್ಲು. ನನ್ನ ಒಳಗೆ ಹಾಕಿದ್ರೆ ಇವಳು ಯಾರ ಮನೆಗೆ ಹೋಗ್ತಾಳೆ ಅಂತ ಬಾಯಿ ಕಟ್ಟಿಹೋಯ್ತು. ಸಿಂಧೂರಂಗೆ ಜೈಲಾಗಲ್ಲ, ಬರೀ ಹೆಸರಿಗೆ ಶಿಕ್ಷೆ ಅಂತ ಲಾಯರ್ ಹೇಳಿದ್ರಲ್ಲ. ಅದನ್ನೇ ಹಿಡ್ಕೊಂಡು ಕೂತೆ."

ಅವಳಿಗೆ ಬೈಯಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೈಯಲಾಗಲಿಲ್ಲ. ಆ ಆರು ವಾರ ಅವಳ ಕೈಸಾರು ಉಂಡವರಲ್ಲಿ ನಾನೂ ಒಬ್ಬ.

ಆಗ ಸಿಂಧೂರ ಮಾತಾಡಿದಳು. ಗಟ್ಟಿಯಾಗಿ ಅಲ್ಲ.

"ನೀರಜಕ್ಕ, ಆರು ವಾರ ದಿನಾ ನಂಗೆ ಊಟ ತಂದ್ರಿ. ನಾನು ತಿನ್ನೋ ತನಕ ಎದುರಿಗೇ ಕೂತಿರ್ತಿದ್ರಿ. ಪ್ಲಗ್ ಕಿತ್ತೆನೋ ಇಲ್ವೋ ಅಂತ ನಾನು ನಿಮ್ಮನ್ನೇ ಕೇಳ್ತಿದ್ದೆ, ದಿನಾ. 'ಬಿಡೇ, ಯೋಚ್ನೆ ಮಾಡ್ಬೇಡ' ಅಂತಿದ್ರಿ. ಒಂದು ದಿನ, ಒಂದೇ ಒಂದು ದಿನ, ಊಟದ ಬದಲು ಆ ಒಂದು ಮಾತು ತಂದುಕೊಡಬಾರದಿತ್ತಾ?"

ನೀರಜಾ ಅತ್ತಳು, ಅವಳನ್ನು ಸಮಾಧಾನ ಮಾಡಲು ಯಾರೂ ಏಳಲಿಲ್ಲ. ಕೊನೆಗೆ ವರ್ಷಾ ಎದ್ದು ಒಂದು ಲೋಟ ನೀರು ತಂದು ಮುಂದಿಟ್ಟಳು.

"ನಾಳೆ ನಾನು ಲಾಯರ್ ಹತ್ರ ಮಾತಾಡ್ತೀನಿ" ಎಂದು ನೀರಜಾ ಮುಖ ಒರೆಸಿಕೊಂಡಳು. "ಚಾರ್ವಿಗೆ ಇವತ್ತೇ ಹೇಳ್ತೀನಿ. ಬೇರೆಯವರು ಹೇಳೋದು ಬೇಡ."

"ಚಾರ್ವಿ ನಮ್ಮನೇಲಿರ್ತಾಳೆ, ಎಷ್ಟು ದಿನ ಆದ್ರೂ" ಎಂದಳು ನಳಿನಿ. ನನ್ನನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಸಿಂಧೂರ ಗುರುವಾರ ತಂದಿದ್ದ ಕಾಗದವನ್ನು ಜೇಬಿನಿಂದ ತೆಗೆದು ನೀರಜಾಳ ಮುಂದೆ ಇಟ್ಟಳು. "ಅವರ ಮಗಳಿಗೆ ಬರ್ದಿದ್ದು. ಬೇಕಿದ್ರೆ ಹೆಸರು ಬದಲಾಯಿಸಿ ಕಳಿಸಿ."

ನೀರಜಾ ಅದನ್ನು ಓದಿದಳು. ಬಹಳ ಹೊತ್ತು ಓದಿದಳು. ಆಮೇಲೆ ಮಡಚಿ ಸಿಂಧೂರಳ ಕೈಗೇ ಹಿಂದಿರುಗಿಸಿದಳು.

"ಇದರಲ್ಲಿ ಬೋರ್ಡು ಹಾಕಿದ್ದು ಯಾರು ಅಂತಾನೇ ಇಲ್ಲ. ನಿಂಗೆ ಹೇಗೆ ಗೊತ್ತಿರ್ಬೇಕು? ನನ್ನದು ನಾನೇ ಬರೀಬೇಕು ಕಣೇ. ನಳಿನಕ್ಕ, ಒಂದು ಹಾಳೆ ಕೊಡ್ತೀರಾ?"

ಉಳಿದವರೆಲ್ಲ ಹೊರಟುಹೋದರು. ಸಿಂಧೂರ ನಿಖಿಲ್‌ನ ಜೊತೆ ಮೆಟ್ಟಿಲಿಳಿದು ಹೋದಳು, ಹಿಂತಿರುಗಿ ನೋಡಲಿಲ್ಲ. ಕ್ಷಮಿಸಿದಳೋ ಇಲ್ಲವೋ ಎಂದು ಇವತ್ತಿಗೂ ನಾನು ಕೇಳಿಲ್ಲ. ನೀರಜಾ ಅದೇ ಮೇಜಿನಲ್ಲಿ ಕೂತು ಒಂದೂವರೆ ಗಂಟೆ ಕನ್ನಡದಲ್ಲಿ ಬರೆದಳು, ಹರಿದಳು, ಮತ್ತೆ ಬರೆದಳು. ಕೊನೆಗೆ ಉಳಿದದ್ದು ನಾಲ್ಕೇ ಸಾಲು. ಇಟಾಲಿಯನ್‌ಗೆ ಮಾಡುವ ಮುಂಚೆ ನಳಿನಿ ಅದನ್ನು ನನಗೆ ಓದಿ ಹೇಳಿದಳು.

"ನಿಮ್ಮ ತಾಯಿ, ಒಳಗೆ ಹುಷಾರಿಲ್ಲದ ಹುಡುಗಿ ಮಲಗಿದ್ದಾಳೆ ಎಂದುಕೊಂಡು ಬಾಗಿಲು ತೆಗೆದರು. ಒಳಗೆ ಯಾರೂ ಇರಲಿಲ್ಲ. ಆ ಬೋರ್ಡನ್ನು ಬಾಗಿಲಿಗೆ ಹಾಕಿದವಳು ನಾನು. ಆ ಹುಡುಗಿ ಹಾಕಲಿಲ್ಲ."